ಡ್ರಾಯರಿನಲ್ಲಿ ಉಳಿದ ವರದಿ

ತಮ್ಮ ತೀರಿಹೋದ ಸುದ್ದಿ ಬಂದ ಬೆಳಿಗ್ಗೆ ನಾನು ಕಚೇರಿಯಲ್ಲಿ ಕುಳಿತು, ಅವನು ಕಂಡುಹಿಡಿದದ್ದರ ಕೆಳಗೆ ನನ್ನ ಹೆಸರು ಬರೆಯುತ್ತಿದ್ದೆ. ಫೋನಿನಲ್ಲಿ ಅವನ ಹೆಂಡತಿ, "ಭಾವ, ಇವರು ಏಳ್ತಾನೇ ಇಲ್ಲ," ಎಂದಳು. ನಿದ್ದೆಯಲ್ಲೇ ಅವನ ಎದೆಬಡಿತ ನಿಂತಿತ್ತು. ದೇವರೆದುರು ಮುಚ್ಚಿಡಲಾರೆ. ಅಳುವಿಗೆ ಮೊದಲು ನನಗೆ ಬಂದದ್ದು, ಇನ್ನು ಇದು ಯಾರದೆಂದು ಕೇಳುವವರಿಲ್ಲ ಎಂಬ ಯೋಚನೆ.

ನಾವಿಬ್ಬರೂ ಒಂದೇ ಕಡೆ ಕೆಲಸಕ್ಕಿದ್ದೆವು. ಆಸ್ಪತ್ರೆಯ ಲ್ಯಾಬಿನ ಕಂಪ್ಯೂಟರಿನಿಂದ ವಾರ್ಡಿಗೆ, ವಾರ್ಡಿನಿಂದ ಔಷಧ ಕೊಡುವಲ್ಲಿಗೆ ಸಂದೇಶ ಒಯ್ಯುವ ಸಾಫ್ಟ್‌ವೇರ್ ನಮ್ಮದು. ಹದಿನಾರು ವರ್ಷದ ಹಿಂದೆ ಅದನ್ನು ಬರೆದವನು ನಾನು. ಇತರರ ತಪ್ಪು ಹಿಡಿಯುವುದು ತಮ್ಮನ ಕೆಲಸ. "ನಿಮ್ಮ ತಮ್ಮನ ಕಣ್ಣೇ ಕಣ್ಣು ಬಿಡಿ," ಎಂದು ಮ್ಯಾನೇಜರ್ ಮೇಡಂ ನನ್ನೆದುರೇ ಹೇಳುತ್ತಿದ್ದರು. ನನಗಿಂತ ಏಳು ವರ್ಷ ಚಿಕ್ಕವನಾದರೂ ಅಮ್ಮ ನೆರೆಯವರಿಗೆ ತೋರಿಸುತ್ತಿದ್ದದ್ದು ಅವನ ಅಂಕಪಟ್ಟಿಯನ್ನೇ.

ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ.

"ಅಣ್ಣ, ನಿನ್ನ ಸಾಫ್ಟ್‌ವೇರು ಯಾರು ಏನಂದ್ರೂ ನಂಬುತ್ತೆ ಕಣಣ್ಣ. ಸಂದೇಶ ಬರೋಕೆ ಮೊದಲು 'ನಾನು ಇಷ್ಟುದ್ದ ಇದ್ದೀನಿ' ಅನ್ನುತ್ತಲ್ಲ, ಅಷ್ಟು ಜಾಗ ಆಗಲೇ ಕಾದಿರಿಸಿಬಿಡುತ್ತೆ. ಇನ್ನೂರು ಜನ ಬರ್ತೀವಿ ಅಂತ ಹೋಟೆಲಿನ ರೂಮೆಲ್ಲ ಹಿಡಿದಿಟ್ಟು ಒಬ್ಬನೂ ಬರದೇ ಹೋದ್ರೆ? ನಿಜವಾಗಿ ಬಂದ ಬೇರೆಯವರೆಲ್ಲ ಬೀದೀಲಿ!"

ಮಾಡಿಯೂ ತೋರಿಸಿದ. ಒಂದೇ ಒಂದು ಸುಳ್ಳು ಸಂದೇಶಕ್ಕೆ ಪರೀಕ್ಷೆಯ ಯಂತ್ರದಲ್ಲಿ ಎಲ್ಲವೂ ನಿಂತುಹೋಯಿತು.

"ಯಾರಿಗೂ ಹೇಳಿಲ್ಲ. ಮೊದಲು ನಿನಗೇ."

ತಿದ್ದುವವರೆಗೆ ಇಂಥದ್ದನ್ನು ಬಾಯಿಬಿಡಬಾರದೆಂಬುದು ನಮ್ಮಲ್ಲಿನ ನಿಯಮ. ತಿದ್ದಿದ ಮೇಲೆ ಆಸ್ಪತ್ರೆಗಳಿಗೆಲ್ಲ ಪತ್ರ ಹೋಗುತ್ತದೆ, ಕೊನೆಯಲ್ಲಿ ಕಂಡುಹಿಡಿದವರ ಹೆಸರಿರುತ್ತದೆ. ನನ್ನ ಸಹಿಯಿಲ್ಲದೆ ಅದು ಹೊರಡದು. ನನ್ನದೇ ಕೆಲಸದ ತಪ್ಪು, ಅದರ ಕೆಳಗೆ ಅವನ ಹೆಸರು! ಅವನ ವರದಿಯನ್ನು ಡ್ರಾಯರಿಗೆ ತಳ್ಳಿದೆ.

ದಿನವೂ ಬಾಗಿಲಲ್ಲಿ ತಲೆಹಾಕುತ್ತಿದ್ದ. "ಏನಣ್ಣ, ನನ್ನ ಸಂದೇಶಾನೂ ಸಿಕ್ಕಿಹಾಕ್ಕೊಂಡ್ತಾ?"

"ನೋಡ್ತಿದ್ದೀನಿ ಕಣೋ, ತಲೆ ತಿನ್ನಬೇಡ."

ತಿದ್ದುಪಡಿ ನಾಲ್ಕೇ ದಿನದಲ್ಲಿ ಮುಗಿದಿತ್ತು. ಸಂದೇಶದ ಉದ್ದಕ್ಕೆ ಮಿತಿ ಹಾಕಿದೆ. ಬಂದಷ್ಟಕ್ಕೆ ಮಾತ್ರ ಜಾಗ ಎಂದು ಮಾಡಿದೆ. ಆದರೂ ಹೆಸರಿನ ಹಟಕ್ಕೆ, ಅವನು ಬಂದು ಹೇಳಿದ ದಿನದಿಂದ ಒಟ್ಟು ಒಂಬತ್ತು ದಿನ ಪತ್ರವನ್ನು ತಡೆದೆ. ಒಂಬತ್ತನೆಯ ದಿನವೇ ಆ ಫೋನು ಬಂತು.

ನಡುಮನೆಯಲ್ಲಿ ಅವನನ್ನು ಮಲಗಿಸಿದ್ದರು. ಅವನ ಹೆಂಡತಿ ನನ್ನ ಬಳಿ ಬಂದು ಕುಳಿತಳು.

"ಭಾವ, ಆ ಪತ್ರ ಹೋಯ್ತಾ? ನಿನ್ನೆ ಊಟಕ್ಕೆ ಕೂತಾಗಲೂ ಅದೇ ಮಾತು. ಅಣ್ಣನೇ ಕೈಯಾರೆ ನನ್ನ ಹೆಸರು ಹಾಕ್ತಾನೆ, ಅಮ್ಮ ನೋಡಬೇಕಿತ್ತು ಅಂತಿದ್ರು."

"ಹೋಯ್ತಮ್ಮ," ಎಂದೆ. ಸತ್ತವನ ಮಗ್ಗುಲಲ್ಲಿ ಕುಳಿತು ಹೇಳಿದ ಸುಳ್ಳು.

ಅಂತ್ಯಕ್ರಿಯೆ ಮುಗಿಸಿ ನೇರ ಕಚೇರಿಗೆ ಹೋದೆ. ನನ್ನ ಹೆಸರು ಅಳಿಸಿ ಅವನದನ್ನು ಬರೆದೆ. ಬೆರಳು ಅಷ್ಟಕ್ಕೇ ನಿಲ್ಲದೆ, 'ಮಾರ್ಗದರ್ಶನ' ಎಂದು ಕೆಳಗೆ ನನ್ನ ಹೆಸರನ್ನೂ ಸೇರಿಸಿತು. ಚಿತೆಯ ಹೊಗೆಯ ವಾಸನೆ ಇನ್ನೂ ಅಂಗಿಯಲ್ಲಿತ್ತು, ಹೊಟ್ಟೆಕಿಚ್ಚು ಮಾತ್ರ ಆರಿರಲಿಲ್ಲ. ಆ ಸಾಲನ್ನೂ ಅಳಿಸಿ, ಸಹಿ ಹಾಕಿ, ಮೇಡಂ ಬಳಿ ಎಲ್ಲವನ್ನೂ ಹೇಳಿಕೊಂಡೆ.

"ಒಂಬತ್ತು ದಿನ ಆಸ್ಪತ್ರೆಗಳನ್ನ ಹಾಗೇ ಬಿಟ್ಟಿದ್ರಾ?" ಎಂದರು. ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡು, "ಇನ್ನು ಮುಂದೆ ಇಂಥ ಪತ್ರಗಳಿಗೆ ಸಹಿ ಬೇರೆಯವರು ಹಾಕಲಿ," ಎಂದರು. ತಲೆಯಾಡಿಸಿದೆ.

ಆಸ್ಪತ್ರೆಗಳಿಗೆ ಹೋದ ಪತ್ರದ ಪ್ರತಿಯನ್ನು ಅವನ ಹೆಂಡತಿಗೆ ಕೊಟ್ಟು, ಅಂದು ಸುಳ್ಳು ಹೇಳಿದ್ದೆನೆಂದೂ ಒಪ್ಪಿಕೊಂಡೆ. ಅವಳು ಅವನ ಹೆಸರಿನ ಮೇಲೆ ಬೆರಳಾಡಿಸಿದಳು.

ದೇವರೇ, ನನ್ನ ತಮ್ಮ ಒಂಬತ್ತು ದಿನ ನನ್ನ ಬಾಗಿಲಲ್ಲಿ ಕಾದ. ನಿನ್ನ ಬಾಗಿಲಲ್ಲಿ ಅವನನ್ನು ಕಾಯಿಸಬೇಡ. ಅವನ ಆತ್ಮಕ್ಕೆ ಶಾಂತಿ ಕೊಡು.