ಗಡಿಮಾರು ಕಡತದ ಎರಡು ಮಡಿಕೆ

೧೯೫೧ರ ಚಳಿಗಾಲದಲ್ಲಿ ಕುಂಬ್ಡಾಜೆ ಕಡೆಯ ಪಂಕಜಾಕ್ಷಿ ಎಂಬ ಹೆಂಗಸು ಗಡಿಮಾರಿನ ನಮ್ಮ ಮನೆಗೆ ಬಂದು, "ಕಡತ ಒಮ್ಮೆ ತೋರಿಸ್ತೀರಾ ಕಿಟ್ಟಣ್ಣ?" ಎಂದು ಕೇಳಿದಳು. ತೋರಿಸಿದೆ. ಇಲ್ಲ ಎಂದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

ಕಡತ ಎಂದರೆ ಮಸಿ, ಹುಣಸೆಬೀಜದ ಅಂಟು ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆ. ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ನಮ್ಮದರಲ್ಲಿ ಹದಿನಾಲ್ಕು ಮಡಿಕೆ. ಗದ್ದೆಯ ಎಲ್ಲೆ, ದೈವದ ಕಟ್ಟಳೆ, ಮನೆತನದವರ ಹೆಸರು ಎಲ್ಲ ಅದರಲ್ಲಿತ್ತು. ನಡುವಿನ ಎರಡು ಮಡಿಕೆ ಮಾತ್ರ ಖಾಲಿ.

"ಇಲ್ಲಿ ಎಂತ ಇತ್ತು?"

"ಮಾಡು ಸೋರಿ ನೀರು ಬಿದ್ದದ್ದು. ಪೆಟ್ಟಿಗೆ ಪರಮೇಶ್ವರಿ ದೊಡ್ಡಮ್ಮನ ವಶ ಇತ್ತು. ಅವರಿಗೆ ಜಾಗ್ರತೆ ಸಾಲದು."

ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ದೊಡ್ಡಮ್ಮ ಸಾಯುವವರೆಗೂ ಅದನ್ನು ಕೇಳಿಸಿಕೊಂಡರು. ಮಾಡು ಸೋರಿರಲಿಲ್ಲ. ಆ ಎರಡು ಮಡಿಕೆ ಒರೆಸಿದವನು ನಾನು, ಮಾಡು ಸೋರಿತೆಂದು ಮೊದಲು ಹೇಳಿದವನೂ ನಾನೇ.

ಆಗ ನನಗೆ ಇಪ್ಪತ್ತು. ಊರಿನ ಶಾಲೆಯಲ್ಲಿ ಐದು ತರಗತಿ ಮುಗಿಸಿದ್ದೆ. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ. ನಮ್ಮ ಮೂಲದ ಹಿರಿಯ ದುಗ್ಗಣ್ಣ, ಅರಸರ ಕಾಲದಲ್ಲಿ ಗಡಿಯಲ್ಲಿ ಹೊಳೆ ದಾಟುವ ಕಡವು ಕಾಯುತ್ತಿದ್ದವನು. ವೈರಿಗಳು ಹೊಳೆ ದಾಟಿದಾಗ ಒಬ್ಬನೇ ನಿಂತು ಹೋರಾಡಿದ ಎಂದು ಹಿರಿಯರು ಹೇಳುತ್ತಿದ್ದರು, ನಾನು ಊರಿಗೆಲ್ಲ ಸಾರುತ್ತಿದ್ದೆ. ಅದನ್ನು ಕಾಗದಕ್ಕೆ ಇಳಿಸೋಣವೆಂದು ಕಡತ ಬಿಡಿಸಿದರೆ ಅಲ್ಲಿ ಬರೆದದ್ದೇ ಬೇರೆ. ದುಗ್ಗಣ್ಣ ಕಡವು ಬಿಟ್ಟು ಓಡಿದ್ದ. ನಿಂತು ಸತ್ತವನು ಅವನ ತಂಗಿ ದೇಯಿಯ ಗಂಡ. ಆಮೇಲೆ ದೇಯಿ ದಿನಾ ಅಣ್ಣನ ಮುಖಕ್ಕೇ ಅದನ್ನು ಹೇಳತೊಡಗಿದಳು. ಅವನು ಅವಳನ್ನೂ ಅವಳ ಮಗಳನ್ನೂ ಹೊರಗೆ ಹಾಕಿದ. ತಾಯಿ ಮಗಳು ಕುಂಬ್ಡಾಜೆ ಗುಡ್ಡೆಗೆ ಹೋದರು. ನಮ್ಮಲ್ಲಿ ಮನೆ ಹೋಗುವುದು ತಂಗಿಯ ಮಕ್ಕಳಿಗೆ; ಹಾಗೆ ಅದು ಕಿರಿಯ ತಂಗಿಯ ಸಂತಾನಕ್ಕೆ ಬಂತು. ನಾವು ಆ ಕಿರಿಯವಳ ಕಡೆಯವರು.

ಓದಿದ ಕೂಡಲೇ ಮೈಯೆಲ್ಲ ಉರಿಯಿತು. ಮೈ ಒರೆಸಿದ ಒದ್ದೆ ಬೈರಾಸು ಹೆಗಲ ಮೇಲೇ ಇತ್ತು. ಎರಡು ಸಲ ಎಳೆದೆ, ಹೋಯಿತು. ದುಗ್ಗಣ್ಣನ ಓಟದ ಜೊತೆಗೆ ದೇಯಿಯೂ ಹೋದಳು ಎಂದು ಆಗ ಹೊಳೆಯಲಿಲ್ಲ.

ಪಂಕಜಾಕ್ಷಿ ಖಾಲಿ ಮಡಿಕೆಗಳ ಮೇಲೆ ಬೆರಳಾಡಿಸಿದಳು. "ನಮ್ಮ ಮೂಲದವಳು ಗಡಿಮಾರಿನಿಂದ ಬಂದವಳು ಅಂತ ಅಜ್ಜಿ ಹೇಳುತ್ತಿದ್ದಳು. ಹೆಸರು ಕೂಡ ಗೊತ್ತಿಲ್ಲ ನಮಗೆ. ಈಗ ಮಗಳು ಕಮಲನಿಗೆ ಅಗಲ್ಪಾಡಿಯಿಂದ ಒಂದು ಸಂಬಂಧ ಬಂದದ್ದು ಉಂಟು. ಹುಡುಗನ ಸೋದರಮಾವ ಚೆನ್ನಯ್ಯ ಬರಿ ಕೇಳ್ತಾರೆ."

ಬರಿ ಎಂದರೆ ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಬಳಿ. ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿ ಇದ್ದ ಹಾಗೆ. ಬರಿ ಗೊತ್ತಿಲ್ಲದೆ ನಮ್ಮಲ್ಲಿ ಯಾರೂ ಹೆಣ್ಣು ತರುವುದಿಲ್ಲ.

"ನಮ್ಮ ಬರಿ ಬಂಗೇರ ಅಂತ ಹೇಳಿದೆ. 'ನೀನು ಹೇಳಿದರೆ ಆಯ್ತಾ? ನಿನ್ನ ಅಮ್ಮನನ್ನು ಗಡಿಮಾರಿನವರೇ ಓಡಿಸಿದ್ದಲ್ಲವಾ? ಅವರೇ ಹೇಳಲಿ' ಅಂದರು."

ಓಡಿಸಿದ್ದು ಹೌದು. ಅದೂ ನಾನೇ. ಹನ್ನೆರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ, ನಾವು ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ದಿನ, ಅವಳ ತಾಯಿ ಬಂದು ತಮ್ಮ ಮೂಲದವಳಿಗೂ ಒಂದು ಎಲೆ ಹಾಕಿ ಎಂದು ಬೇಡಿದ್ದಳು. "ಗಡಿಮಾರಿನ ಹೆಸರು ಹೇಳಿಕೊಂಡು ಬಂದವರಿಗೆಲ್ಲ ಎಲೆ ಹಾಕಲು ಇದೆಂತ ಛತ್ರವಾ? ಬರಹ ಉಂಟಾ? ತೋರಿಸು!" ಎಂದು ನೆಂಟರೆಲ್ಲರ ಎದುರು ಕಿರುಚಿದ್ದೆ. ಬರಹ ಎಲ್ಲಿ ಹೋಯಿತೆಂದು ಗೊತ್ತಿದ್ದವನು ನಾನೊಬ್ಬನೇ.

ಈಗ 'ಹೌದು, ನಮ್ಮವರೇ' ಎಂದರೆ ಮುಗಿಯುತ್ತಿರಲಿಲ್ಲ. ಅಂದು ಇಲ್ಲ ಎಂದವನಿಗೆ ಇಂದು ಹೇಗೆ ಗೊತ್ತಾಯಿತು ಎಂದು ಚೆನ್ನಯ್ಯ ಕೇಳದೆ ಬಿಡುವ ಜನ ಅಲ್ಲ. ಬೇರೆ ಎಲ್ಲಿಯಾದರೂ ದೇಯಿಯ ಹೆಸರು ಸಿಕ್ಕಿದರೆ ನಾನು ಬಾಯಿ ಬಿಡದೆ ಪಾರಾಗಬಹುದು ಎನಿಸಿತು. "ತಾಲೂಕು ಕಚೇರಿಯಲ್ಲಿ ಹಳೇ ದಾಖಲೆ ಇರುತ್ತದೆ. ನಾಳೆ ಕಾಸರಗೋಡಿಗೆ ಹೋಗುವ" ಎಂದೆ. ಅವಳು ಕೈಮುಗಿದಳು.

ಕಚೇರಿಯ ಗುಮಾಸ್ತ ಸುಬ್ಬರಾಯರು ಅಂಚು ಉದುರುತ್ತಿದ್ದ ರಿಜಿಸ್ಟರ್ ಬಿಡಿಸಿದರು. ಮೊದಲಿನ ಹಾಳೆಗಳು ಹರಿದುಹೋಗಿದ್ದವು. ಉಳಿದದ್ದರಲ್ಲಿ, "ಗಡಿಮಾರು ದುಗ್ಗ. ಅವನ ನಂತರ ಅಳಿಯ ಮಂಜ. ಅವನ ನಂತರ ಅಳಿಯ ಬೂದ" ಎಂದಿತ್ತು.

"ಅಳಿಯ ಅಂದರೆ ತಂಗಿಯ ಮಗ ಅಲ್ಲವಾ? ತಂಗಿಯ ಹೆಸರು ಎಲ್ಲಿ?" ಎಂದಳು ಪಂಕಜಾಕ್ಷಿ.

"ಭೂಮಿಯ ತೀರ್ವೆ ಕಟ್ಟುವ ಯಜಮಾನನ ಹೆಸರು ಮಾತ್ರ ಅಮ್ಮಾ. ಹೆಂಗಸರನ್ನು ಬರೆಯುವ ಕ್ರಮ ಇಲ್ಲ."

"ಹಾಗಾದರೆ ಇವರೆಲ್ಲ ಗಂಡಸರ ಹೊಟ್ಟೆಯಲ್ಲೇ ಹುಟ್ಟಿದ್ದಾ?"

ಸುಬ್ಬರಾಯರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಮರುದಿನ ಬದಿಯಡ್ಕದಾಚೆಯ ಒಬ್ಬ ಭಟ್ಟರ ಮನೆಗೆ ಹೋದೆವು. ಅವರ ಅಜ್ಜ ಊರವರ ಜಾತಕ ಬರೆದಿಡುತ್ತಿದ್ದರಂತೆ. ಓಲೆಯ ಕಟ್ಟು ಬಿಚ್ಚಿದರೆ ಅರ್ಧ ಹುಡಿ. ಪಂಕಜಾಕ್ಷಿ ಅಂಗಳದಲ್ಲಿ ಕೂತು ಆ ಹುಡಿಯಿಂದ ಒಂದೊಂದೇ ತುಂಡು ಹೆಕ್ಕಿ ನನ್ನ ಕೈಗೆ ಕೊಟ್ಟಳು. ನಾನು ಓದಿದ ಹಾಗೆ ಮಾಡಿದೆ. ಅವಳ ಕಾಲಿನ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅದನ್ನು ನೋಡಿದೆ, ಆದರೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ನಾಯ್ಮಾರ್ಮೂಲೆಯಲ್ಲಿ ಮತ್ತೊಬ್ಬರನ್ನು ವಿಚಾರಿಸಿ ಬರಿಗೈಯಲ್ಲಿ ಮಮ್ಮಾಲಿಯ ಚಾ ಅಂಗಡಿಗೆ ಬಂದೆವು. ಪಂಕಜಾಕ್ಷಿ ಗ್ಲಾಸು ಹಿಡಿದುಕೊಂಡು, "ನೀವು ನಮಗೋಸ್ಕರ ಕೆಲಸ ಬಿಟ್ಟು ಇಷ್ಟು ತಿರುಗಿದಿರಿ. ಅಮ್ಮ ಇರಬೇಕಿತ್ತು" ಎಂದಳು. "ಅಮ್ಮನಿಗೆ ನಿಮ್ಮ ಮೇಲೆ ಸಿಟ್ಟು ಇರಲಿಲ್ಲ ಗೊತ್ತುಂಟಾ? ಆ ದಿನ ನಿಮ್ಮ ದೊಡ್ಡಮ್ಮ ಬೇಲಿಯ ತಡಮೆಯವರೆಗೆ ಓಡಿಬಂದು ಅಮ್ಮನ ಕೈ ಹಿಡಿದು, 'ತಪ್ಪು ನನ್ನದು, ಪೆಟ್ಟಿಗೆ ನನ್ನ ಕೈಯಲ್ಲಿತ್ತು' ಅಂತ ಅತ್ತರಂತೆ. ಆ ಕೈ ಕೊಳೆಯಲಿ ಅಂತ ಅಮ್ಮ ಶಾಪ ಹಾಕಿ ಬಂದಳು. ನಾನೂ ಎಷ್ಟೋ ಸಲ ಹಾಕಿದ್ದೇನೆ."

"ಅವರಿಗೆ ಹಾಕಬೇಡ," ಎಂದೆ. "ಒರೆಸಿದ್ದು ನಾನು."

ಎಲ್ಲ ಹೇಳಿದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು, ಅವರಿಗೂ ಕೇಳಿಸಿತು. ಪಂಕಜಾಕ್ಷಿ ಗ್ಲಾಸು ಕೆಳಗಿಟ್ಟಳು.

"ಮೂರು ದಿನ ನನ್ನನ್ನು ನಡೆಸಿದಿರಿ. ಆ ಓಲೆಯ ಹುಡಿ ಹೆಕ್ಕಿಸಿದಿರಿ. ಎಂತ ಮನುಷ್ಯ ನೀವು?"

"ನಾಚಿಕೆ ಆಯ್ತು..."

"ನಿಮ್ಮ ನಾಚಿಕೆ ಕಟ್ಟಿಕೊಂಡು ನಾನು ಎಂತ ಮಾಡಲಿ? ಒಬ್ಬಳು ಮುದುಕಿಯ ತಲೆಗೆ ಕಟ್ಟಿ ಹಾಯಾಗಿ ಕೂತಿದ್ದಿರಲ್ಲ! ಏಳಿ. ಚೆನ್ನಯ್ಯಣ್ಣನ ಹತ್ತಿರ ಬಂದು ಹೇಳಿ ಇದನ್ನು."

ಯಾರಾದರೂ ಹಾಗೆ ಮಾತಾಡಿದರೆ ಕೈ ಎತ್ತುವವನು ನಾನು. ಎದ್ದು ಅವಳ ಹಿಂದೆ ನಡೆದೆ. "ಅಣ್ಣಾ, ನಿಮ್ಮ ಕೊಡೆ!" ಎಂದು ಮಮ್ಮಾಲಿ ರಸ್ತೆಯವರೆಗೆ ಓಡಿಬಂದು ಕೊಟ್ಟ. ಅವನ ಮುಖ ನೋಡಲು ಆಗಲಿಲ್ಲ.

ಅಗಲ್ಪಾಡಿಯಲ್ಲಿ ಚೆನ್ನಯ್ಯನ ಅಂಗಳದಲ್ಲಿ ಅಡಿಕೆ ಸುಲಿಯುವವರು ಏಳೆಂಟು ಜನ ಇದ್ದರು. ಚೆನ್ನಯ್ಯ ಜಗಲಿಯ ಮೇಲೆ ಕೂರಲು ಹೇಳಿದ. ಕೂರಲಿಲ್ಲ. ದುಗ್ಗಣ್ಣ ಓಡಿದ್ದು, ದೇಯಿಯ ಗಂಡ ಸತ್ತದ್ದು, ದೇಯಿಯನ್ನು ಹೊರಗೆ ಹಾಕಿದ್ದು, ಇವರು ಅವಳ ಮಗಳ ಸಂತಾನ ಎನ್ನುವುದು, ನಾನು ಒರೆಸಿದ್ದು, ದೊಡ್ಡಮ್ಮನ ಮೇಲೆ ಹಾಕಿದ್ದು, ಎಲ್ಲ ನಿಂತೇ ಹೇಳಿದೆ. ಸುಲಿಯುವವರ ಕೈ ನಿಂತಿತು.

"ಒಬ್ಬನೇ ನಿಂತು ಹೋರಾಡಿದ ಅಂತ ಹೇಳ್ತಾ ಇದ್ದಿರಲ್ಲ ಮಾರಾಯ್ರೆ," ಎಂದ ಚೆನ್ನಯ್ಯ. ಯಾರೋ ಕಿಸಕ್ಕನೆ ನಕ್ಕರು. "ಸುಳ್ಳಾದರೆ ಇಷ್ಟು ಮಾನ ಕಳಕೊಂಡು ಯಾರೂ ಹೇಳಲಿಕ್ಕಿಲ್ಲ. ಬರಿ?"

"ಬಂಗೇರ. ದೇಯಿಯದ್ದೂ ಅದೇ, ನಮ್ಮದೂ ಅದೇ."

"ನಮ್ಮದು ಸಾಲ್ಯಾನ್. ಅಡ್ಡಿ ಇಲ್ಲ," ಎಂದು ಅವನು ಒಳಗೆ ತಿರುಗಿ, "ಹರಿವಾಣ ತನ್ನಿ" ಎಂದ.

ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಹೆಣ್ಣಿನ ಕಡೆಯ ಹಿರಿಯನ ಕೈಗೆ ವೀಳ್ಯ ಕೊಟ್ಟು ಮಾತು ಗಟ್ಟಿ ಮಾಡುವ ಕ್ರಮ ನೆನಪಿಗೆ ಬಂದಿರಲಿಲ್ಲ. ಒಂದೇ ಬರಿ ಎಂದು ಒಪ್ಪಿದ ಮೇಲೆ ಪಂಕಜಾಕ್ಷಿ ನನಗೆ ತಂಗಿ, ಕಮಲನಿಗೆ ನಾನು ಸೋದರಮಾವ. ಚೆನ್ನಯ್ಯ ಹರಿವಾಣ ಹಿಡಿದು ನನ್ನೆದುರು ನಿಂತ. ಅಂಗಳದವರೆಲ್ಲ ಎದ್ದು ನಿಂತರು.

"ನನಗೆ ಬೇಡ. ಬೇರೆ ಯಾರಿಗಾದರೂ ಕೊಡಿ," ಎಂದೆ.

"ಹಿಡ್ಕೊಳ್ಳಿ," ಎಂದಳು ಪಂಕಜಾಕ್ಷಿ ನನ್ನ ಕಡೆ ನೋಡದೆ. "ಹುಡುಗಿಗೆ ಬೇರೆ ಮಾವ ಇಲ್ಲ."

ಎರಡೂ ಕೈ ಚಾಚಿದೆ.