ಎರಡು ಸಲ ನಡೆಯಬೇಕಾದ ಬೀದಿ

ಗಣಿತ ಅಂದರೆ ಮಾರು ದೂರ ಓಡುವವರಿಗೆಂದೇ ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ತರಗತಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಒಬ್ಬ ನಿವೃತ್ತ ಟೀಚರ್. ಪರೀಕ್ಷೆ ಇಲ್ಲ, ಅಂಕ ಇಲ್ಲ, ತಪ್ಪಾದರೆ ಕಿವಿ ಹಿಂಡುವವರೂ ಇಲ್ಲ. ಒಂದು ವಾರ ಒಂದೇ ಮಗ್ಗುಲಿರುವ ಕಾಗದದ ಪಟ್ಟಿ, ಇನ್ನೊಂದು ವಾರ ಎಣಿಸಿದಷ್ಟೂ ಮುಗಿಯದ ಸಂಖ್ಯೆಗಳು. ಬರುತ್ತಿದ್ದವರೋ ನರ್ಸಿಂಗ್ ಓದುವ ನಾಲ್ಕು ಹುಡುಗಿಯರು, ಒಬ್ಬ ಬೇಕರಿಯವನು, ಒಬ್ಬ ದರ್ಜಿ, ಹಿಂದಿನ ಬೆಂಚಿನಲ್ಲಿ ನೀರಪ್ಪ.

ನೀರಪ್ಪ ಅವನ ಹೆಸರಲ್ಲ. ಇಪ್ಪತ್ತಾರು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ್ದಕ್ಕೆ ಸಿಕ್ಕ ಬಿರುದು. ಈಗ ಸ್ವಂತ ಹೆಸರು ಹಿಡಿದು ಕರೆದರೆ, ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವನೇ ಹಿಂದೆ ತಿರುಗಿ ನೋಡುತ್ತಾನೆ. ಅವನನ್ನು ಈ ತರಗತಿಗೆ ಎಳೆದು ತಂದವಳು ಅಕ್ಕನ ಮಗಳು, ಆ ನಾಲ್ಕು ಹುಡುಗಿಯರಲ್ಲಿ ಒಬ್ಬಳು. ಅಕ್ಕ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಆಗ ಹಾಸ್ಟೆಲಿನಲ್ಲಿದ್ದ ಹುಡುಗಿ ಆಮೇಲೆ ಮಾಮನ ಮನೆಗೇ ಬಂದು ಸೇರಿದ್ದಳು. ಮಾಮ ಊಟ ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ, ಗೋಡೆ ನೋಡುತ್ತ ಕೂರುವುದನ್ನು ಮಾತ್ರ ಜಾಸ್ತಿ ಮಾಡಿದ್ದ. ಭಾನುವಾರವಾದರೂ ಗೋಡೆಗೆ ರಜೆ ಸಿಗಲಿ ಎನ್ನುವುದು ಅವಳ ಲೆಕ್ಕ.

ಆ ದಿನ ಟೀಚರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. "ನೀವು ದಿನಾ ತಿರುಗೋ ಬೀದಿಗಳನ್ನ ಗೆರೆ ಎಳೀರಿ. ಹೊರಟ ಜಾಗದಿಂದ ಹೊರಟು, ಪ್ರತಿ ಬೀದೀನೂ ಒಂದೇ ಒಂದು ಸಲ ನಡೆದು, ಮತ್ತೆ ಅಲ್ಲಿಗೇ ಬರಬೇಕು. ಪೆನ್ಸಿಲ್ ಎತ್ತೋ ಹಾಗಿಲ್ಲ."

ಬೇಕರಿಯವನು ಮೂರು ಹಾಳೆ ಹಾಳುಮಾಡಿ, ನಮ್ಮ ಬಡಾವಣೆ ಕಟ್ಟಿದವನಿಗೇ ತಲೆ ಇರಲಿಲ್ಲ ಎಂದು ಗೊಣಗಿದ. ನೀರಪ್ಪನ ಪೆನ್ಸಿಲ್ ಮಾತ್ರ ನೀರಿನ ಕಚೇರಿಯಿಂದ ಹೊರಟದ್ದು ಎಲ್ಲೂ ತಡವರಿಸದೆ ಎಲ್ಲ ಬೀದಿ ಸುತ್ತಿ ಕಚೇರಿಗೇ ಬಂದು ನಿಂತಿತು.

"ನೋಡಿ, ನೋಡಿ!" ಟೀಚರ್ ಹಾಳೆಯನ್ನು ಎತ್ತಿ ತೋರಿಸಿದರು. "ಇವರ ಒಂದೊಂದು ಕೂಡುರಸ್ತೆಗೂ ಎರಡೋ ನಾಲ್ಕೋ ಬೀದಿ ಸೇರ್ತವೆ. ಒಂದರಲ್ಲಿ ಬಂದ್ರೆ ಇನ್ನೊಂದರಲ್ಲಿ ಹೋಗಬಹುದು, ಜೋಡಿ ಜೋಡಿ. ಮೂರೋ ಐದೋ ಇದ್ರೆ ಒಂದು ಬೀದಿ ಒಂಟಿ ಉಳಿಯುತ್ತೆ. ಆಗ ಆಗಲ್ಲ."

ನೀರಪ್ಪನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ನಗು ಇಣುಕಿತು. ಅಷ್ಟರಲ್ಲಿ ಅಕ್ಕನ ಮಗಳು ಬಗ್ಗಿ ನೋಡಿದಳು.

"ಮಾಮ, ಅಮ್ಮನ ಮನೆ ಬೀದೀನೇ ಬಿಟ್ಟಿದ್ದೀಯಲ್ಲ!" ಎಂದು ತನ್ನ ಪೆನ್ನಿನಿಂದ ಶಾಲೆಯ ಮೂಲೆಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಗೆರೆ ಎಳೆದೇಬಿಟ್ಟಳು.

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಅಯ್ಯೋ, ಎರಡೂ ಕಡೆ ನಾಲ್ಕಿದ್ದದ್ದು ಐದಾಯ್ತು. ಈಗ ಒಂದೊಂದೇ ಸಲ ನಡೆದು ವಾಪಸ್ ಬರೋಕಾಗಲ್ಲ. ಸುತ್ತುಬಳಸು ಬೇಡ ಅಂದ್ರೆ ಒಂದೇ ದಾರಿ. ಬೇರೆಲ್ಲ ಬೀದಿ ಒಂದು ಸಲ, ಈ ಬೀದಿ ಮಾತ್ರ ಎರಡು ಸಲ."

ನೀರಪ್ಪನ ಕೈಯಿಂದ ಪೆನ್ಸಿಲ್ ಕೆಳಗೆ ಬಿತ್ತು. ಅವನು ಅದನ್ನು ಹೆಕ್ಕಲಿಲ್ಲ.

ಆ ಬೀದಿಯನ್ನು ಅವನು ಮರೆತಿರಲಿಲ್ಲ, ಬಿಟ್ಟಿದ್ದ. ಅಕ್ಕ ಹೋದ ಮೇಲೆ ಅದನ್ನು ಜೊತೆಯ ನೌಕರನಿಗೆ ಒಪ್ಪಿಸಿ, ಬದಲಿಗೆ ಆ ಮಹಾಶಯನ ಕಾಗದಪತ್ರದ ಕೆಲಸವನ್ನೆಲ್ಲ ತಾನೇ ಮಾಡಿಕೊಡುತ್ತಿದ್ದ. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೀರಿಹೋದ ದಿನ ತಾನು ಬೇರೆ ಕಡೆ ಇದ್ದೆ ಎಂದು ಎಲ್ಲರಿಗೂ ಹೇಳಿದ್ದ. ಹುಡುಗಿಗೂ ಅದನ್ನೇ ಹೇಳಿದ್ದ. ಅದು ಸುಳ್ಳು. ಆ ಸುಳ್ಳನ್ನು ಅವಳ ತಟ್ಟೆಗೆ ಅನ್ನ ಬಡಿಸುವಾಗಲೆಲ್ಲ ನುಂಗುತ್ತಿದ್ದ. ಹೇಳಿದರೆ ಇರುವ ಒಂದು ಜೀವವೂ ಎದ್ದು ಹೋಗುತ್ತದೆ ಎಂಬ ಭಯ.

"ಅಕ್ಕನ ಮನೆ ಬೀಗದಕೈ ಇದೆಯಾ?" ಎಂದು ಕೇಳಿದ.

ಬೀಗದಕೈ ಅವಳ ಚೀಲದಲ್ಲೇ ಇತ್ತು. ಆಗಾಗ ಹೋಗಿ ಧೂಳು ಹೊಡೆದು ಬರುತ್ತಿದ್ದಳು. ಮಾಮ ತಾನಾಗಿಯೇ ಅಲ್ಲಿಗೆ ಹೊರಟದ್ದು ನೋಡಿ ಅವಳಿಗೆ ಖುಷಿಯೇ ಆಯಿತು. ದಾರಿಯುದ್ದಕ್ಕೂ ಜೋಡಿ ಬೀದಿ, ಒಂಟಿ ಬೀದಿ ಎಂದು ಹರಟುತ್ತ ಬಂದಳು.

ಗೇಟಿನ ಪಕ್ಕದಲ್ಲಿ ಮೀಟರಿನ ಕಬ್ಬಿಣದ ಮುಚ್ಚಳ. ನೀರಪ್ಪ ಮಂಡಿಯೂರಿ ಅದನ್ನು ಎತ್ತಿದ. ಗಾಜಿನ ಕೆಳಗೆ, ನೀರು ಹರಿದರೆ ಮಾತ್ರ ತಿರುಗುವ ಕೆಂಪು ಪುಟ್ಟ ಚಕ್ರ ಸತ್ತಂತೆ ನಿಂತಿತ್ತು.

"ಆವತ್ತು ನಾನು ಇಲ್ಲಿಗೆ ಬಂದಿದ್ದೆ ಕಣಮ್ಮ," ಅಂದ. ತಲೆ ಎತ್ತಲಿಲ್ಲ. "ಬೆಳಿಗ್ಗೆ ಒಂಬತ್ತೂವರೆ. ಈ ಚಕ್ರ ತಿರುಗ್ತಾ ಇತ್ತು. ಅಕ್ಕಾ ಅಂತ ಕೂಗಿದೆ. ಯಾವಾಗ್ಲೂ ಕೂಗಿದ ತಕ್ಷಣ ಕೈ ಒರೆಸ್ಕೊಂಡು ಬರೋಳು. ಆವತ್ತು ಬರ್ಲಿಲ್ಲ. ಹಿಂದಿನ ವಾರ ಏನೋ ಒಂದು ಮಾತಿಗೆ ಮಾತು ಬೆಳೆದಿತ್ತು. ಇನ್ನೂ ಮುನಿಸ್ಕೊಂಡಿದ್ದಾಳೆ, ನಲ್ಲಿ ಬಿಟ್ಕೊಂಡು ಕೇಳಿಸದವಳ ಹಾಗೆ ಇದ್ದಾಳೆ ಅಂದ್ಕೊಂಡೆ. ನಂಗೂ ಸಿಟ್ಟು ಬಂತು. ನಂಬರ್ ಬರ್ಕೊಂಡು ಹೊರಟುಹೋದೆ."

ಹುಡುಗಿ ಬಗ್ಗಿ ಆ ನಿಂತ ಚಕ್ರವನ್ನು ನೋಡಿದಳು.

"ಸಂಜೆ ತನಕ ಉಸಿರಿತ್ತಂತಲ್ಲ ಮಾಮ," ಅಂದಳು. "ಡಾಕ್ಟರು ಹೇಳಿದ್ರು. ಬೆಳಿಗ್ಗೆ ಯಾರಾದ್ರೂ ನೋಡಿದ್ರೆ ಅಂತ."

"ಗೊತ್ತು."

ಅವಳು ಬೀಗ ತೆಗೆದು ಒಳಗೆ ಹೋದಳು. ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ನೀರಪ್ಪ ಎದ್ದು ನಡೆದ. ಮುಚ್ಚಳ ಮುಚ್ಚಬೇಕೆಂಬುದೂ ಹೊಳೆಯಲಿಲ್ಲ. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುವವರೆಲ್ಲ ಶುದ್ಧ ಸುಳ್ಳುಗಾರರು. ಅವನ ಎದೆಯ ಮೇಲೆ ಈಗ ಇಬ್ಬರ ಭಾರ ಕೂತಿತ್ತು. ಟ್ಯಾಂಕಿನ ತನಕ ಹೋದ. ಅಲ್ಲಿಂದ ಬಲಕ್ಕೆ ಹೊರಳಿದರೆ ಅವನ ಮನೆಯ ದಾರಿ. ಆವತ್ತೂ ಇಲ್ಲೇ ಒಂದು ಗಳಿಗೆ ನಿಂತಿದ್ದ, ಹಿಂದಿರುಗಿ ಇನ್ನೊಂದು ಸಲ ಕೂಗಲೇ ಎಂದು. ನಾನೇಕೆ ಸೋಲಬೇಕು ಎಂದುಕೊಂಡು ಬಲಕ್ಕೆ ಹೊರಳಿದ್ದ.

ಈಗ ಅದೇ ಬೀದಿಗೆ ಮರಳಿ ಕಾಲಿಟ್ಟ.

ತೆರೆದೇ ಇದ್ದ ಮೀಟರ್ ಗುಂಡಿಯೊಳಗೆ ಕೆಂಪು ಚಕ್ರ ತಿರುಗುತ್ತಿತ್ತು. ಜೋರಾಗಿ ತಿರುಗುತ್ತಿತ್ತು. ಮನೆಯೊಳಗಿಂದ ಬೇರೆ ಸದ್ದಿಲ್ಲ.

ನೀರಪ್ಪ ಕೂಗಲಿಲ್ಲ. ಗೇಟು ತಳ್ಳಿ, ಬಾಗಿಲು ತಳ್ಳಿ, ಚಪ್ಪಲಿ ಸಮೇತ ಬಚ್ಚಲಿಗೆ ಓಡಿದ. ಹುಡುಗಿ ನೆಲದ ಮೇಲೆ ಮುದುಡಿ ಕೂತಿದ್ದಳು. ನಲ್ಲಿ ಪೂರ್ತಿ ಬಿಟ್ಟಿದ್ದಳು, ಅಳುವುದು ಹೊರಗೆ ಕೇಳಿಸದಿರಲಿ ಎಂದು. ಬಟ್ಟೆಯೆಲ್ಲ ನೆನೆದಿತ್ತು.

"ಯಾಕೆ ವಾಪಸ್ ಬಂದೆ?" ಅಂದಳು, ಅವನ ಕಡೆ ನೋಡದೆ.

"ಚಕ್ರ ತಿರುಗ್ತಾ ಇತ್ತು," ಅಂದ ನೀರಪ್ಪ. ಕ್ಷಮಿಸು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ. ಅವನು ನಲ್ಲಿ ನಿಲ್ಲಿಸಲು ಕೈ ಚಾಚಿದಾಗ ಮಾತ್ರ, "ಇರ್ಲಿ, ಇನ್ನೂ ಸ್ವಲ್ಪ ಹೊತ್ತು," ಅಂದಳು.

ಅವನು ಕೈ ಹಿಂದಕ್ಕೆ ತೆಗೆದು, ಅಕ್ಕ ಬಿದ್ದಿದ್ದ ಆ ಒದ್ದೆ ನೆಲದ ಮೇಲೆ ಅವಳ ಪಕ್ಕ ಕೂತುಕೊಂಡ.