ಎರಡು ವೋಲ್ಟ್ ಎಲ್ಲಿ ಹೋಯಿತು

ಆಸ್ಪತ್ರೆಯ ವ್ಯಾನನ್ನು ಬೆಳಿಗ್ಗೆ ಹಗ್ಗ ಕಟ್ಟಿ ನನ್ನ ಗ್ಯಾರೇಜಿಗೆ ಎಳೆದು ತಂದರು. ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಗಾಡಿ ಅದು. ಹಿಂಬಾಗಿಲಲ್ಲಿ ಗಾಲಿಕುರ್ಚಿ ಎತ್ತುವ ಲಿಫ್ಟಿದೆ. ಹದಿನೈದು ದಿನದಲ್ಲಿ ಎರಡು ಸಲ ನಡುರಸ್ತೆಯಲ್ಲಿ ನಿಂತಿತ್ತು.

"ಇನ್ನೊಂದು ಸಲ ನಿಂತ್ರೆ ನನ್ನ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ. ಗಾಡಿ ನೋಡ್ಕೊಳ್ಳೋಕೆ ಬರಲ್ಲ ಅಂತ ಮ್ಯಾನೇಜರ್ ಎಲ್ಲರೆದುರು ಬೈದ್ರು" ಎಂದ ಡ್ರೈವರ್.

ಮೊದಲ ಸಲ ನಿಂತಾಗಲೇ ನಾನು ಬ್ಯಾಟರಿ ಬದಲಿಸಿದ್ದೆ, ಡೈನಮೋ ಬದಲಿಸಿದ್ದೆ. ಈಗ ಸ್ಕ್ಯಾನರ್ ಸಿಕ್ಕಿಸಿದರೆ ಹನ್ನೆರಡು ದೋಷ ತೋರಿಸಿತು. ಗೇರು, ಬ್ರೇಕು, ಎಂಜಿನ್ನು, ಯಾವುದನ್ನೂ ಬಿಟ್ಟಿರಲಿಲ್ಲ. ಇದು ಗಾಡಿಯ ಕಂಪ್ಯೂಟರೇ ಕೆಟ್ಟಿರೋದು, ಹೊಸದು ಬರಲು ಎಂಟು ದಿನ ಎಂದೆ.

"ಎಂಟು ದಿನದಲ್ಲಿ ನನ್ನ ಸೀಟಲ್ಲಿ ಬೇರೆಯವನು ಕೂತಿರ್ತಾನೆ ಯಜಮಾನ್ರೇ."

ನನ್ನ ಹೆಂಡತಿ ಒಳಗಿನಿಂದ, "ನನ್ನ ತಂಗೀನ ಕರೀರಿ" ಎಂದಳು. ಅವಳ ತಂಗಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವಳು. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನಿಗೆ ಅವಳು ಬಂದು ಹೇಳಿಕೊಡಬೇಕೇ ಎಂದು ರೇಗಿದೆ. ನಾನು ರೇಗಿ ಮುಗಿಸುವಷ್ಟರಲ್ಲಿ ಹೆಂಡತಿ ಫೋನು ಮಾಡಿಯಾಗಿತ್ತು.

ನಾದಿನಿ ಮಧ್ಯಾಹ್ನ ಬಂದಳು. ಊಟದ ಚೀಲದಲ್ಲಿ ವೋಲ್ಟ್ ಅಳೆಯುವ ಒಂದು ಮೀಟರು, ಎರಡು ಉದ್ದ ವೈರು, ಅಷ್ಟೇ. ಸ್ಕ್ಯಾನರಿನ ಪಟ್ಟಿ ನೋಡಿ ನಕ್ಕಳು.

"ಒಂದೇ ಮನೇಲಿ ಹನ್ನೆರಡು ಜನಕ್ಕೆ ಒಟ್ಟಿಗೆ ಹೊಟ್ಟೆ ಕೆಟ್ರೆ, ಒಬ್ಬೊಬ್ಬರ ಹೊಟ್ಟೆ ಕೊಯ್ತೀರಾ ಭಾವ? ಕುಡಿಯೋ ನೀರು ನೋಡಲ್ವಾ?"

"ನೀರು ನೋಡೇ ಹೊಸ ಬ್ಯಾಟರಿ ಹಾಕಿದ್ದು."

"ಅದು ಕರೆಂಟ್ ಹೋಗೋ ದಾರಿ. ವಾಪಸ್ ಬರೋ ದಾರಿ?"

ಎಂಜಿನ್ನಿಗೂ ಬಾಡಿಗೂ ಬಿಗಿದ ಅರ್ತಿಂಗ್ ವೈರುಗಳ ಮೂಲಕವೇ ಕರೆಂಟ್ ಬ್ಯಾಟರಿಗೆ ಮರಳಬೇಕು. ಅದು ನನಗೆ ಗೊತ್ತಿಲ್ಲದ್ದೇನಲ್ಲ. "ಅದಕ್ಕೂ ಮೀಟರ್ ಹಿಡಿದೀನಿ. ಸರಿಯಾಗೇ ಇದೆ" ಎಂದೆ.

"ಗಾಡಿ ಆಫ್ ಮಾಡಿ ಹಿಡಿದಿರ್ತೀರ. ಖಾಲಿ ಕುರ್ಚಿಯ ಕಾಲು ಮುರಿದಿರೋದು ಹೇಗೆ ಗೊತ್ತಾಗುತ್ತೆ? ಯಾರಾದ್ರೂ ಕೂರಬೇಕು." ಡ್ರೈವರ್ ಕಡೆ ತಿರುಗಿದಳು. "ಅಣ್ಣ, ಸ್ಟಾರ್ಟ್ ಮಾಡಿ. ಲೈಟು, ಫ್ಯಾನು, ವೈಪರು, ಎಲ್ಲ ಹಾಕಿ. ಲಿಫ್ಟ್ ಎತ್ತಿ."

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟಳು, ಇನ್ನೊಂದನ್ನು ಕಂಪ್ಯೂಟರಿನ ಅರ್ತಿಂಗ್ ವೈರಿಗೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಲಿಫ್ಟ್ ಏಳುತ್ತಿದ್ದಂತೆ ಅಂಕಿ ಏರುತ್ತ ಎರಡಕ್ಕೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ದೀಪ ಹತ್ತಿ ಎಂಜಿನ್ ಆರಿತು.

"ಎರಡು ವೋಲ್ಟ್ ದಾರೀಲಿ ಯಾರೋ ನುಂಗ್ತಿದಾರೆ. ಹಿಡಿಯೋಣ."

ಆಮೇಲೆ ಅವಳು ಮಾಡಿದ್ದನ್ನು ನಾನು ಪಕ್ಕದಲ್ಲೇ ಬಗ್ಗಿ ನಿಂತು ನೋಡಿದೆ. ಒಂದು ಸಾಮಾನೂ ಬಿಚ್ಚಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿಸಿ, ಎಂಜಿನ್ ಆರುವ ಮೊದಲೇ ಲಿಫ್ಟ್ ನಿಲ್ಲಿಸುತ್ತ, ಕಡ್ಡಿಯನ್ನು ಗೇಣು ಗೇಣಾಗಿ ಸರಿಸಿದಳು. ಬ್ಯಾಟರಿಯ ಮೈನಸ್ಸಿನಿಂದ ಅದಕ್ಕೆ ಬಿಗಿದ ಕ್ಲಾಂಪಿಗೆ ಸೊನ್ನೆ. ಕ್ಲಾಂಪಿನಿಂದ ದಪ್ಪ ವೈರಿನ ತುದಿಗೆ ಸೊನ್ನೆ. ಅದನ್ನು ಗಾಡಿಯ ಬಾಡಿಗೆ ಬಿಗಿದ ಬೋಲ್ಟಿಗೂ ಸೊನ್ನೆ. ಬೋಲ್ಟಿನಿಂದ ಪಕ್ಕದ ತಗಡಿಗೆ ಬರೀ ಎರಡು ಬೆರಳ ದೂರ. ಅಲ್ಲಿ ಎರಡು ವೋಲ್ಟ್. ಸರ್ಕಾರಿ ಕಚೇರಿಯಲ್ಲಿ ಫೈಲು ಯಾವ ಮೇಜಿನ ಮೇಲೆ ಕೂತಿದೆ ಎಂದು ಹುಡುಕಿದಂತೆ ಹುಡುಕಿ ಹಿಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

ಬೋಲ್ಟ್ ಬಿಚ್ಚಿದೆ. ವೈರಿನ ತುದಿಯ ಬಳೆಯ ಕೆಳಗೆ ಕಪ್ಪು ಬಣ್ಣ, ನುಣ್ಣಗೆ, ದಪ್ಪಗೆ.

"ನಾನೇ ಹೊಡೆದದ್ದು" ಎಂದೆ. ತಿಂಗಳ ಹಿಂದೆ ಗೇರ್‌ಬಾಕ್ಸ್ ಇಳಿಸಿದಾಗ ಅಲ್ಲಿ ತುಕ್ಕು ಕಂಡಿತ್ತು. ತುಕ್ಕಿರುವ ಗಾಡಿಯನ್ನು ನಾನು ವಾಪಸ್ ಕೊಡುವವನಲ್ಲ. ಉಜ್ಜಿ, ಬಣ್ಣ ಹೊಡೆದು, ಅದರ ಮೇಲೇ ವೈರು ಬಿಗಿದಿದ್ದೆ. ಆ ಬಣ್ಣವೇ ಕರೆಂಟಿಗೆ ಅಡ್ಡ ನಿಂತಿತ್ತು.

ನಾದಿನಿ ದನಿ ತಗ್ಗಿಸಿದಳು. "ಬೋಲ್ಟ್ ಸಡಿಲ ಆಗಿತ್ತು ಅಂದ್ಬಿಡಿ ಭಾವ."

"ಸಡಿಲ ಆಗಿತ್ತು ಅಂದ್ರೆ ಮತ್ತೆ ಡ್ರೈವರ್ ತಲೆಗೇ ಬರುತ್ತೆ. ಸುಮ್ನಿರೇ" ಎಂದು ಅವಳ ಮೇಲೆ ರೇಗಿದೆ. ಬಣ್ಣ ಕೆರೆದು ಹೊಳೆಯುವ ತಗಡಿಗೆ ವೈರು ಬಿಗಿದೆ. ಎಲ್ಲ ಹಾಕಿ ಲಿಫ್ಟನ್ನು ಹತ್ತು ಸಲ ಏರಿಳಿಸಿದರೂ ಮೀಟರು ಸೊನ್ನೆಯಿಂದ ಅಲುಗಲಿಲ್ಲ. ಎಂಜಿನ್ನೂ ನಿಲ್ಲಲಿಲ್ಲ.

ಡ್ರೈವರ್ ಎದುರಿಗೇ ಮ್ಯಾನೇಜರಿಗೆ ಫೋನು ಮಾಡಿದೆ. "ತಪ್ಪು ನಂದು. ಅರ್ತಿಂಗ್ ಜಾಗಕ್ಕೆ ನಾನೇ ಬಣ್ಣ ಹೊಡೆದಿದ್ದೆ. ನಿಮ್ಮ ಡ್ರೈವರ್ ಗಾಡೀನ ಚೆನ್ನಾಗೇ ನೋಡ್ಕೊಂಡಿದಾನೆ. ಬೈಯೋದಿದ್ರೆ ನನಗೆ ಬೈರಿ."

ಅವರು ಬೈದರು, ಚೆನ್ನಾಗಿಯೇ ಬೈದರು. ಕೊನೆಗೆ, "ನಾಳೆ ಬೆಳಿಗ್ಗೆ ಆರಕ್ಕೆ ಮೊದಲ ಪೇಷೆಂಟು, ಅವನಿಗೇ ಬರೋಕೆ ಹೇಳಿ" ಎಂದರು.

ಡ್ರೈವರ್ ನನ್ನ ಕೈ ಮುಟ್ಟಿ ಹೊರಟ. ಹಗಲಲ್ಲೂ ಲೈಟು ಹಾಕಿಕೊಂಡೇ ಹೋದ.

ನಾದಿನಿ ಮೀಟರನ್ನು ಚೀಲಕ್ಕಿಡುತ್ತ ಕೇಳಿದಳು. "ಹೀಗೆ ಅರ್ತಿಂಗ್ ಜಾಗಕ್ಕೆ ಇನ್ನೆಷ್ಟು ಗಾಡೀಲಿ ಬಣ್ಣ ಹೊಡೆದಿದ್ದೀರ ಭಾವ?"

ಬೆರಳು ಮಡಿಸಿದೆ. ನಾಲ್ಕು. ಮೊದಲ ಗಾಡಿಯವನ ನಂಬರನ್ನು ಫೋನಿನಲ್ಲಿ ಒತ್ತುತ್ತ, "ಮೀಟರ್ ಒಳಗಿಡಬೇಡ" ಎಂದೆ.